ಹರಿಗೋಲಿನ ದಂಡೆಯ ಮೆಟ್ಟಿಲುಗಳು

“ಗುರುಗಳೇ, ಹತ್ತು ಜನರಿಗಾಗಿ ಮಾಡಿದ ಕೆಲಸ ಚೆನ್ನಾಗಿ ಆಗಿದೆ ಎಂದು ತಿಳಿಯುವುದು ಹೇಗೆ?”

ಕೇಳಿದವನು ಮರುಳಯ್ಯ ಎಂಬ ಶಿಷ್ಯ. ಮಠದ ಹೊಸ ದಾಸೋಹದ ಮನೆ ಅವನ ಉಸ್ತುವಾರಿಯಲ್ಲಿ ಏಳುತ್ತಿತ್ತು. ಬಂದವರೆಲ್ಲ ಅದನ್ನು ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆ ಸಾಕೇ ಎಂಬುದು ಅವನ ಅನುಮಾನ.

ಗುರುಗಳು ನಕ್ಕರು. “ಇಷ್ಟು ಹೊಗಳಿಸಿಕೊಂಡರೂ ಹೊಟ್ಟೆ ತುಂಬಲಿಲ್ಲವೇನೋ ನಿನಗೆ? ಕೂತ್ಕೋ ಮಾರಾಯ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ದಂಡೆಯಲ್ಲೇ ಇದ್ದರೂ ಊರಿನವರಿಗೆ ಹೊಳೆ ಸಿಗುತ್ತಿರಲಿಲ್ಲ. ಹೇಗೆ ಅಂತೀಯಾ? ಹಿಂದೆ ಅಲ್ಲೊಂದು ಹರಿಗೋಲು ಕಟ್ಟುವ ಜಾಗವಿತ್ತು. ಮೇಲೆಲ್ಲೋ ಸೇತುವೆ ಆಯಿತು. ಹರಿಗೋಲಿಗೆ ಜನ ಬರಲಿಲ್ಲ. ಅಂಬಿಗ ಊರು ಬಿಟ್ಟ. ಆಮೇಲೆ ಆ ಜಾಗ ಯಾರದೂ ಅಲ್ಲ ಎಂದಾಯಿತು. ಯಾರದೂ ಅಲ್ಲ ಎಂದ ಮೇಲೆ ಕೇಳಬೇಕೇ! ಒಡೆದ ಗಡಿಗೆ, ಹರಿದ ಚಾಪೆ, ಸತ್ತ ಎಮ್ಮೆ, ಎಲ್ಲವನ್ನೂ ತಂದು ಅಲ್ಲಿಗೇ ಎಸೆದರು. ಜಾಲಿ ಎತ್ತರಕ್ಕೆ ಬೆಳೆಯಿತು. ಹೆಂಗಸರು ನೀರಿಗೆ ಅರ್ಧ ಹರದಾರಿ ಸುತ್ತಿ ಹೋಗಬೇಕಾಯಿತು. ಮಕ್ಕಳು ಹೊಳೆಯನ್ನು ಮಾಳಿಗೆ ಹತ್ತಿ ನೋಡುತ್ತಿದ್ದವು.

ಆ ಊರಿಗೆ ಒಬ್ಬಳು ಸೊಸೆ ಬಂದಳು. ಬಂದ ಮರುದಿನವೇ ಅತ್ತೆಯನ್ನು ಕೇಳಿದಳು, “ಹೊಳೆದಂಡೆ ಊರು ಅಂತ ಹೇಳಿ ನನ್ನನ್ನ ಇಲ್ಲಿಗೆ ಕೊಟ್ಟರು. ಹೊಳೆ ಎಲ್ಲಿದೆ ಅತ್ತೆ?” ಅತ್ತೆಗೆ ಮುಖ ಎತ್ತಲಾಗಲಿಲ್ಲ. ಅತ್ತೆಯೇ ಆ ಮಾತನ್ನು ನೆಟ್ಟಗೆ ಚಾವಡಿಗೆ ಒಯ್ದಳು. ಕೇಳಿದ ಗಂಡಸರಿಗೂ ನಾಚಿಕೆಯಾಯಿತು.

ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ಬಿಡುವು. ಎತ್ತಿಗೆ ಬಿಡುವಾದರೆ ಒಕ್ಕಲಿಗೂ ಬಿಡುವು. ಆ ಬಿಡುವನ್ನು ದಂಡೆಗೆ ಕೊಡೋಣ ಎಂದು ಊರು ಒಪ್ಪಿತು. ಮನೆಗೊಂದು ಆಳು. ಜಾಲಿ ಕಡಿದರು. ಬೇರು ಕಿತ್ತರು. ಕಸ ಸುಟ್ಟರು. ದಂಡೆ ಕಡಿದಾಗಿತ್ತು, ಇಳಿಯಲು ಮೆಟ್ಟಿಲು ಬೇಕಾಯಿತು. ಗುಡ್ಡದಿಂದ ಕಲ್ಲು ಬರಬೇಕು. ಗಾಡಿ ಹೂಡುವಂತಿಲ್ಲ, ಸೋಮವಾರವಲ್ಲವೇ! ಬೇರೆ ದಿನ ಹೊಲ ಬಿಡುವಂತಿಲ್ಲ. ಏನು ಮಾಡಿದರು ಗೊತ್ತೇ? ಎತ್ತುಗಳನ್ನು ನೆರಳಿಗೆ ಕಟ್ಟಿ, ನೊಗಕ್ಕೆ ತಾವೇ ಹೆಗಲು ಕೊಟ್ಟರು. ಊರಗೌಡನೂ ಅವನ ಮನೆಯ ಆಳೂ ಒಂದೇ ನೊಗದಲ್ಲಿ ಎಳೆದರು. ಎರಡು ಬೇಸಿಗೆ ಹೀಗೆ ಎಳೆದರು. ಭಲೇ ಅನ್ನಬೇಕು ಕಣೋ ಅಂಥವರಿಗೆ. ನಾನಂತೂ ಅನ್ನುತ್ತೇನೆ.

ಮೆಟ್ಟಿಲು ಕಟ್ಟಲು ಒಬ್ಬ ಕಲ್ಲುಕುಟಿಗ ಬಂದ. ದೇವಸ್ಥಾನಗಳ ಕೆಲಸದಲ್ಲಿ ಹೆಸರಾದವನು. ಅವನು ನಯ ಮಾಡಿದ ಕಂಬದಲ್ಲಿ ಮುಖ ಕಾಣುತ್ತಿತ್ತು. ವಯಸ್ಸಾಗಿತ್ತು. ಇನ್ನೊಂದೇ ಕೆಲಸ ಮಾಡಿ ಉಳಿ ಕೆಳಗಿಡಬೇಕೆಂದಿದ್ದ. ಮನುಷ್ಯರು ಗಾಡಿ ಎಳೆಯುವುದನ್ನು ಕಂಡು ಅವನ ಕಣ್ಣು ತುಂಬಿತು. ಕೂಲಿ ಬೇಡ, ದಿನಕ್ಕೊಂದು ಮನೆಯವರು ಊಟ ಹಾಕಿದರೆ ಸಾಕು ಎಂದ. ಮೂವತ್ತೆರಡು ಮೆಟ್ಟಿಲು ಕಟ್ಟಿದ. ಒಂದೊಂದನ್ನೂ ಗರ್ಭಗುಡಿಯ ಹೊಸ್ತಿಲಿನಂತೆ ತಿಕ್ಕಿ ತಿಕ್ಕಿ ಹೊಳೆಯಿಸಿದ. ನೀರಿಗೆ ತಾಗುವ ಮೆಟ್ಟಿಲಿನ ಮೇಲೆ ನಿಮ್ಮ ಹೆಸರು ಕೆತ್ತಲೇಬೇಕು ಎಂದು ಊರಿನವರು ಹಠ ಹಿಡಿದರು. ಆಯುಸ್ಸೆಲ್ಲ ದೇವರ ಹೆಸರು, ದಾನಿಗಳ ಹೆಸರು ಕೆತ್ತಿದವನು ತನ್ನ ಹೆಸರು ಕೆತ್ತಿದ್ದು ಅದೇ ಮೊದಲು. ಕೆತ್ತಿ ಮುಗಿಸಿ ಬಹಳ ಹೊತ್ತು ಅದರ ಪಕ್ಕದಲ್ಲೇ ಕೂತಿದ್ದ.

ಮೊದಲ ಕೊಡ ತುಂಬಲು ಆ ಸೊಸೆಯನ್ನೇ ಕಳಿಸಿದರು. ಆಗ ಅವಳು ಏಳು ತಿಂಗಳ ಬಸುರಿ. ಇಳಿದಳು, ತುಂಬಿದಳು. ಹತ್ತುವಾಗ ಕೊಡದ ನೀರು ತುಳುಕಿ ಕಲ್ಲು ಒದ್ದೆಯಾಯಿತು. ಕಾಲು ಜಾರಿತು. ಹಿಂದೆಯೇ ಇದ್ದ ಅತ್ತೆ ರಟ್ಟೆ ಹಿಡಿದಳು, ಸದ್ಯ! ಬಸುರಿ ಉಳಿದಳು. ಕೊಡ ಉಳಿಯಲಿಲ್ಲ.

ಈಗ ಕೇಳು ಆ ಊರಿನವರ ದಡ್ಡತನ. ಆ ಹೊತ್ತಿಗೆ ಅಲ್ಲಿಲ್ಲದ ಕಲ್ಲುಕುಟಿಗನಿಗೆ ಅವರು ಹೇಳಲಿಲ್ಲ. ಹೇಗೆ ಹೇಳುವುದು? ಕೂಲಿ ಮುಟ್ಟದೆ ದುಡಿದಿದ್ದಾನೆ. ಪ್ರತಿ ಮನೆಯ ಅನ್ನ ಉಂಡಿದ್ದಾನೆ. ಉಣ್ಣಿಸಿದ ಕೈಯಿಂದಲೇ ಅವನ ಕೊನೆಯ ಕೆಲಸದಲ್ಲಿ ಹುಳುಕು ತೆಗೆಯುವುದೇ? ಅವನ ಕಣ್ಣಿಗೆ ಬೀಳಬಾರದೆಂದು ಕೊಡದ ಚೂರುಗಳನ್ನು ಆಯ್ದು ಮರಳಲ್ಲಿ ಹೂತರು. ಆಮೇಲೆ ಇನ್ನಿಬ್ಬರು ಜಾರಿದರು. ಅವರೂ ಬಾಯಿ ಬಿಡಲಿಲ್ಲ. ದಿನಾ ಬಂದು ಮೆಟ್ಟಿಲಿಗೆ ಕೈ ಮುಗಿಯುವುದು, ಹೂವಿಡುವುದು, ಪಕ್ಕದ ಕೆಸರಿನ ಇಳಿಜಾರಿನಲ್ಲಿ ಪರದಾಡಿ ಇಳಿಯುವುದು. ಮುದುಕರು ಬರುವುದನ್ನೇ ಬಿಟ್ಟರು. ಹೆಂಗಸರು ಮತ್ತೆ ಅರ್ಧ ಹರದಾರಿ ಸುತ್ತತೊಡಗಿದರು. ಮೆಟ್ಟಿಲ ಸಂದಿನಲ್ಲಿ ಜಾಲಿ ಮೊಳಕೆ ಕಾಣಿಸಿತು. ಪ್ರೀತಿ ಇತ್ತು ಮಾರಾಯ, ಬೆಟ್ಟದಷ್ಟು ಪ್ರೀತಿ. ಆ ಪ್ರೀತಿಯೇ ದಂಡೆಯನ್ನು ಎರಡನೇ ಸಲ ಹಾಳು ಬೀಳಿಸುತ್ತಿತ್ತು.

ಕೆಲಸ ಮುಗಿದರೂ ಊರು ಬಿಡದ ಕಲ್ಲುಕುಟಿಗ ದಂಡೆಯ ಮೇಲಿನ ಆಲದ ಮರದ ಕೆಳಗೆ ಕೂತು ಮೆಟ್ಟಿಲುಗಳನ್ನೇ ನೋಡುತ್ತಿದ್ದ. ಜನ ಕೈ ಮುಗಿಯುವುದು ಕಾಣುತ್ತಿತ್ತು, ಕೆಸರಿನ ಇಳಿಜಾರು ಕಾಣುತ್ತಿರಲಿಲ್ಲ. ಮೊದಮೊದಲು ಹಿಗ್ಗಿದ. ಆಮೇಲೆ ಅವನಿಗೆ ಸಮಾಧಾನವಾಗಲಿಲ್ಲ. ಇಷ್ಟು ಜನ ಬಂದರೂ ಮೆಟ್ಟಿಲು ಒಣಗಿಯೇ ಇರುವುದು ಯಾಕೆ? ಕೇಳಿದರೆ ಎಲ್ಲರದೂ ಒಂದೇ ಮಾತು, ಬಹಳ ಚೆಂದ ಆಗಿದೆ ಯಜಮಾನ್ರೇ.

ಒಂದು ಮಧ್ಯಾಹ್ನ ಬೇರೆ ಊರಿನ ಒಬ್ಬಳು ಹೆಂಗಸು ನೀರು ಕುಡಿಯಲು ಬಂದಳು. ಬೀದಿ ಬೀದಿ ತಿರುಗಿ, ಸವೆದ ಬೀಸುಕಲ್ಲಿಗೆ, ಒರಳಿಗೆ ಉಳಿ ಹಾಕಿ ಒರಟು ಮಾಡಿಕೊಡುವವಳು. ಗುಡಿ ಕಟ್ಟುವವರು ಇಂಥವರನ್ನು ಕಲ್ಲಿನ ಕೆಲಸದವರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳು ಮೆಟ್ಟಿಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈ ಆಡಿಸಿ ನೋಡಿದಳು. ಆಲದ ಕೆಳಗಿದ್ದ ಮುದುಕನನ್ನು ಕಂಡು ಅಲ್ಲಿಂದಲೇ ಕೂಗಿದಳು.

“ಅಲ್ಲಪ್ಪೋ, ಈ ಕಲ್ಲು ಪೂರಾ ಸವೆದು ಹೋಗಿದೆಯಲ್ಲ! ಇಷ್ಟು ಸವೆಯೋ ತನಕ ಯಾರೂ ನೋಡಲೇ ಇಲ್ಲವಾ? ಉಳಿ ಹಾಕಿಸದಿದ್ದರೆ ಯಾರಾದರೂ ಬಿದ್ದು ಸೊಂಟ ಮುರ್ಕೊಳ್ತಾರೆ.”

ಕಟ್ಟಿದವನು ಅವನೇ ಎಂದು ಅವಳಿಗೇನು ಗೊತ್ತು? ಅವಳ ಲೆಕ್ಕದಲ್ಲಿ ನುಣುಪಾದ ಕಲ್ಲು ಎಂದರೆ ಕೆಟ್ಟುಹೋದ ಕಲ್ಲು.

ಮುದುಕನಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಬಂದ. ಬಂದವನು ಬಯ್ಯಲಿಲ್ಲ. ಏನನ್ನಿಸಿತೋ ಏನೋ, ಹತ್ತಿರದ ಮನೆಯಿಂದ ಒಂದು ಕೊಡ ಇಸಿದುಕೊಂಡು ಹೊಳೆಗಿಳಿದ. ತುಂಬಿ ಹೆಗಲಿಗಿಟ್ಟು ಹತ್ತಿದ. ಕಲ್ಲನ್ನು ಅವನು ಸಾವಿರ ಸಲ ಮುಟ್ಟಿದ್ದ. ಕಲ್ಲು ಒದ್ದೆಯಾಗಿ, ಹೆಗಲ ಮೇಲೆ ಭಾರವಿದ್ದಾಗ ಒಂದು ಸಲವೂ ಹತ್ತಿರಲಿಲ್ಲ. ಮೂರನೇ ಮೆಟ್ಟಿಲಿಗೆ ದಬಾರನೆ ಬಿದ್ದ. ಸದ್ದು ಕೇಳಿ ಊರು ಓಡಿ ಬಂತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೆರಗಾಗಲಿಲ್ಲ. ಅದನ್ನು ಕಂಡಾಗ ಅವನಿಗೆ ಎಲ್ಲವೂ ತಿಳಿಯಿತು. ಬಿದ್ದ ನೋವಿಗಿಂತ ಅದು ಹೆಚ್ಚಾಯಿತು. ಅಲ್ಲೇ ಕೂತು ಅತ್ತುಬಿಟ್ಟ.

ಅತ್ತು ಮುಗಿಸಿ, ಆ ಹೆಂಗಸಿನ ಕಡೆ ತಿರುಗಿದ. “ತಾಯಿ, ನನಗೆ ನಯ ಮಾಡೋದೊಂದೇ ಗೊತ್ತು. ಒರಟು ಮಾಡೋದು ಹೇಗೆ, ಹೇಳಿಕೊಡು” ಎಂದ.

ಹೆಸರಾಂತ ಶಿಲ್ಪಿ, ಒರಳಿಗೆ ಉಳಿ ಹಾಕುವವಳ ಮುಂದೆ ಕೈ ಚಾಚಿ ಕೂತ! ಅವಳೂ ಸುಮ್ಮನೆ ಬಿಡಲಿಲ್ಲ. ಉಳಿಯೇಟು ಹತ್ತಿರ ಹತ್ತಿರ ಹಾಕಬೇಕು, ಆಳಕ್ಕೆ ಹೋಗಬಾರದು, ಆಳವಾದರೆ ಪಾಚಿ ಕೂರುತ್ತದೆ, ಎಡವಟ್ಟಾದರೆ ಬರಿಗಾಲಿಗೆ ಚುಚ್ಚುತ್ತದೆ ಎಂದು ಗದರಿ ಗದರಿ ಕಲಿಸಿದಳು. ಮೇಲಿನ ಮೆಟ್ಟಿಲಿನಿಂದ ಇಬ್ಬರೂ ಶುರು ಮಾಡಿದರು. ಕನ್ನಡಿಯಂಥ ಕಲ್ಲಿನ ಮೇಲೆ ಟಕ್ ಟಕ್ ಎಂದು ಉಳಿ ಬೀಳುವಾಗ ಊರಿನವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಹನ್ನೊಂದು ದಿನ ಆ ಸದ್ದು ಕೇಳಿಸಿತು. ಹನ್ನೊಂದನೇ ದಿನ ಕೊನೆಯ ಮೆಟ್ಟಿಲು ಉಳಿಯಿತು. ಹೆಸರಿದ್ದ ಮೆಟ್ಟಿಲು.

ಊರಗೌಡ ಓಡಿ ಬಂದು ಅವನ ಕೈ ಹಿಡಿದುಕೊಂಡ. “ಯಜಮಾನ್ರೇ, ಅದೊಂದನ್ನ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಗೌಡ್ರೇ, ನೀರಿಗೆ ತಾಗೋ ಕಲ್ಲು ಇದು. ಎಲ್ಲಕ್ಕಿಂತ ಹೆಚ್ಚು ಜಾರೋದು ಇದೇ. ನಿಮ್ಮ ಸೊಸೆ ಇದನ್ನ ಹಾರಿ ದಾಟ್ತಾಳಾ?”

ಗೌಡ ಕೈ ಬಿಟ್ಟ. ಮೊದಲ ಕೊಡ ತುಂಬಲು ಹೋಗಿ ಜಾರಿದ್ದ ಆ ಸೊಸೆ ಅವನ ಮನೆಯವಳೇ. ಮುದುಕ ಉಳಿ ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟ. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತಡೆಯಲಿಲ್ಲ.

ಎಂಟು ತಿಂಗಳಾದ ಮೇಲೆ ಸೊಸೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ತಲೆಯ ಮೇಲೆ ತುಂಬಿದ ಕೊಡ ಹೊತ್ತು ಆ ಮೆಟ್ಟಿಲು ಹತ್ತಿದಳು. ಕಾಲಿನ ಕಡೆ ನೋಡಲೂ ಇಲ್ಲ. ಅತ್ತೆಯ ಜೊತೆ ಮಾತಾಡುತ್ತಾ ಹತ್ತಿದಳು. ಈಗ ಹೋಗಿ ನೋಡು. ಮುದುಕರು ನೀರಲ್ಲಿ ಕಾಲಿಳಿಬಿಟ್ಟು ಹರಟೆ ಹೊಡೆಯುತ್ತಾರೆ. ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ಈಜು ಕಲಿಯುತ್ತವೆ. ಬಟ್ಟೆ ಒಗೆಯುವವರ ಗಲಾಟೆ ಹೇಳತೀರದು. ಅಂಥ ದಂಡೆ ಈ ಹೊಳೆಗುಂಟ ಇನ್ನೊಂದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

“ಎಂಥ ಮನುಷ್ಯ ಗುರುಗಳೇ! ಅವನ ಹೆಸರನ್ನಾದರೂ ಆ ಊರಿನವರು ನೆನಪಿಟ್ಟುಕೊಂಡಿದ್ದಾರೆಯೇ?”

“ಅಲ್ಲಿ ಯಾರೂ ಜಾರಿ ಬೀಳುವುದಿಲ್ಲ ಮರುಳಯ್ಯ, ಕಟ್ಟಿದವನು ಯಾರು ಎಂದು ಯಾಕೆ ಕೇಳುತ್ತಾರೆ?”