ಪೋಷಕರ ಸಹಿ

ಆ ಹಾಸ್ಟೆಲ್ ಶಾಲೆಗೆ ಮೂರು ವರ್ಷದಿಂದ ಇಂಗ್ಲಿಷ್ ಮೇಷ್ಟರಿರಲಿಲ್ಲ. ಪಾಠ ಹೇಳುತ್ತಿದ್ದವನು ಜವಾನ ಚಿಕ್ಕೀರಯ್ಯ. ಇಪ್ಪತ್ತು ವರ್ಷ ಕಿಟಕಿಯಾಚೆ ನಿಂತು ಕೇಳಿಸಿಕೊಂಡದ್ದೇ ಅವನ ಓದು. ಸಬ್ಜೆಕ್ಟು ಒಂಟಿಯಾದರೆ ವರ್ಬೂ ಒಂಟಿ ಎಂಬ ನಿಯಮ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಉಣ್ಣುತ್ತಿದ್ದ ಅವನ ತಲೆಗೆ ಬೇಗ ಹತ್ತಿತ್ತು.

ತಪಾಸಣೆಗೆ ಬಂದ ಹೊಸ ಸಾಹೇಬರು ಇದನ್ನು ಕಂಡು ಕೆಂಡಾಮಂಡಲವಾದರು.

"ಗಂಟೆ ಹೊಡೆಯೋನು ಗ್ರಾಮರ್ ಹೇಳ್ತೀಯಾ? ಇದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡು. ಇಲ್ಲಾ, ಮನೆಗೆ ನಡಿ" ಎಂದು ಅಲ್ಲೇ ಅವಸರದಲ್ಲಿ ಒಂದು ಇಂಗ್ಲಿಷ್ ನೋಟಿಸು ಗೀಚಿ ಕೊಟ್ಟರು.

ಚಿಕ್ಕೀರಯ್ಯ ಅದನ್ನು ಕಣ್ಣಿಗೊತ್ತಿಕೊಂಡು ನೆಟ್ಟಗೆ ಏಳನೇ ತರಗತಿಗೆ ಹೋದ. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವುದು ರೂಢಿ.

"ದಿನಾ ತಿದ್ದೋ ಹಾಗೇ ತಿದ್ದಿ ಮಕ್ಕಳೇ" ಎಂದ.

ಹತ್ತು ನಿಮಿಷಕ್ಕೆ ನೋಟಿಸು ಸಾಹೇಬರ ಮೇಜಿಗೆ ವಾಪಸು ಬಂತು. ಒಂಬತ್ತು ಕಡೆ ಕೆಂಪು ಶಾಯಿ. ಅಡಿಯಲ್ಲಿ ಹತ್ತಕ್ಕೆ ಮೂರು ಅಂಕ. ಜೊತೆಗೆ, ಪೋಷಕರ ಸಹಿ ಹಾಕಿಸಿಕೊಂಡು ಬರತಕ್ಕದ್ದು ಎಂದು ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು.

"ಉತ್ತರ ಎಲ್ಲಯ್ಯ?"

"ಅದೇ ಸ್ವಾಮಿ. ಇಂಗ್ಲಿಷಿನಲ್ಲೇ ಇದೆ."

ಸಾಹೇಬರು ಆ ಕೊನೆಯ ಸಾಲನ್ನು ಬೆರಳಿಟ್ಟು ಓದಿದರು. ಸಿಟ್ಟಿನ ಜೊತೆ ದನಿಯೂ ಇಳಿದಿತ್ತು.

"ಸಹಿ ಹಾಕೋಕೆ ನನಗೆ ಯಾರೂ ಇಲ್ಲವಲ್ಲಯ್ಯ" ಎಂದರು.

"ಯಾರೂ ಇಲ್ಲದ ಮಕ್ಕಳಿಗೆಲ್ಲ ಇಲ್ಲಿ ನಾನೇ ಹಾಕೋದು ಸ್ವಾಮಿ. ಇತ್ತ ಕೊಡಿ" ಎಂದು ಚಿಕ್ಕೀರಯ್ಯ ಜೇಬಿನಿಂದ ಪೆನ್ನು ತೆಗೆದ.