ಅಳಿಲು ಕೇಳಿದ ಪ್ರಶ್ನೆ

ಗೂಡು ಕಳೆದುಕೊಂಡ ಮರಿಯಳಿಲುಗಳಿಗೆ ಖೋ-ಖೋ ಕಲಿಸುತ್ತಿದ್ದ ಅಳಿಲು, ಆಟಕ್ಕೊಂದು ಬಯಲು ಬೇಡಲು ಹೆಣ್ಣಾನೆಯ ಮುಂದೆ ನಿಂತಿತ್ತು. ಗೆದ್ದ ಪಂದ್ಯಗಳನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಾಗಲೇ ಆನೆ ಚಡಪಡಿಸುತ್ತ ಎದ್ದಿತು.

"ನಿನ್ನ ಪುರಾಣ ಸಾಕು, ಆನೆಯಮ್ಮನ ಕಷ್ಟ ಕೇಳು," ಎಂದು ಅಳಿಲಿಗೆ ಬುದ್ಧಿ ಹೇಳಲು ಜೊತೆಗೆ ಬಂದಿದ್ದ ಮುದಿ ಆಮೆ ಗದರಿತು.

"ಅಮ್ಮಾ, ತಮಗೇನು ಚಿಂತೆ?" ಎಂದು ಅಳಿಲು ಕೇಳಿತು.

"ಕೆರೆಗೆ ಮೊಸಳೆ ಬಂದಿದೆಯಂತೆ. ನನ್ನ ಕಂದ ಅಲ್ಲಿಗೇ ಹೋಗಿದೆ. ನಾನು ತಲುಪುವುದು ಯಾವಾಗ?"

ಅಳಿಲು ಪಕ್ಕದ ಮರದಲ್ಲಿದ್ದ ಮರಿಯಳಿಲಿನ ಬೆನ್ನು ತಟ್ಟಿ, "ಖೋ! ಆನೆಮರಿ ನೀರಿಗಿಳಿಯದಿರಲಿ!" ಎಂದಿತು. ಬಯಲಿಲ್ಲದೆ ಕೆರೆಯವರೆಗಿನ ಮರಗಳ ಮೇಲೇ ಆಡುತ್ತಿದ್ದ ಮರಿಗಳು ಒಂದರ ಬೆನ್ನನ್ನೊಂದು ತಟ್ಟುತ್ತ ಮಾತು ದಾಟಿಸಿದವು. ಆನೆ ಕೆರೆಯತ್ತ ಕಿವಿಯಗಲಿಸಿ ನಿಂತಿತು.

ಕೊನೆಗೆ ದೂರದಿಂದ ಮರಿಯಳಿಲೊಂದರ ಕೂಗು ಬಂತು: "ಇಳಿದಿಲ್ಲಮ್ಮಾ!"

ಆನೆ ಅಳಿಲಿನತ್ತ ಸೊಂಡಿಲು ಚಾಚಿ ಕೇಳಿತು: "ಬಯಲೊಂದೇ ಸಾಕೇ ನಿಮಗೆ?"