ಒಂದೇ ಸೂರಿನ ಹೊಗೆ

ಒಂದಾನೊಂದು ಕಾಲದಲ್ಲಿ, ಮನೆಯ ಸೂರಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಾಜಿ ಅಂತ ಒಬ್ಬ ಸೊಸೆ ಇದ್ದಳಂತೆ. ಅವಳಿಗೊಂದು ಅಭ್ಯಾಸ. ಬೆಳಿಗ್ಗೆ ಎದ್ದವಳೇ ತನ್ನ ಕೂಸಿನ ತೊಟ್ಟಿಲ ಕೆಳಗೆ ಕೈಯಿಟ್ಟು, ನೆಲಕ್ಕೂ ತೊಟ್ಟಿಲಿಗೂ ನಡುವೆ ಎಷ್ಟು ಗೇಣು ಉಳಿದಿದೆ ಅಂತ ಅಳೆದು ನೋಡುತ್ತಿದ್ದಳಂತೆ. ಯಾಕಂದರೆ ತೊಟ್ಟಿಲು ತೂಗುಹಾಕಿದ್ದು ಸೂರಿನ ತೊಲೆಗೆ, ಆ ತೊಲೆಯೋ ದಿನದಿನಕ್ಕೂ ಕೆಳಕ್ಕೆ ಬಾಗುತ್ತಿತ್ತಂತೆ.

ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಪಾಲಾದಾಗ ಒಲೆ ಬೇರೆ ಮಾಡಿಕೊಂಡರು, ಆದರೆ ಸೂರನ್ನ ಹೇಗೆ ಹರಿದು ಹಂಚೋದು, ಅದು ಒಂದೇ ಉಳೀತು, ಆಕಾಶ ಇದ್ದ ಹಾಗೆ. ಹಿರಿಯ ಮಾಳಿಗಯ್ಯ ತಾತನ ಕಾಲದಿಂದ ಬೆಲ್ಲ ಕಾಯಿಸೋನು, ಅವನ ಒಲೆಗಳು ಸಾಲಾಗಿ ಹಗಲೂ ರಾತ್ರಿ ಉರಿಯೋವು, ಹೆಂಡತಿ ಮುದ್ದೀರಮ್ಮನ ಸೊಂಟಕ್ಕೆ ಚಿನ್ನದ ಡಾಬು ಬಂದಿತ್ತು. ನಡುವಿನವನು ಬೋರಲಿಂಗ, ಭತ್ತ ಬೇಯಿಸಿ ಅಕ್ಕಿ ಮಾಡಿ ಮಾರೋನು, ಅವನಿಗೂ ಮೂರು ನಾಕು ಒಲೆ. ಕಿರಿಯ ಈರ ಅಷ್ಟು ದಿನ ಅಣ್ಣಂದಿರ ಮನೆಯ ತಂಗಳು ಉಂಡುಕೊಂಡಿದ್ದವನು, ಹೊನ್ನಾಜಿ ಹೆಂಡತಿಯಾಗಿ ಬಂದು ಕೂಸು ಹುಟ್ಟಿದ ಮೇಲೇ ಒಂದು ಪುಟ್ಟ ಒಲೆ ಹೂಡಿದ್ದು. ಅವನ ಪಾಲಿಗೆ ಬಂದದ್ದು ಮನೆಯ ಕೊನೇ ಮೂಲೆ, ಗಾಳಿ ಎಲ್ಲರ ಹೊಗೆಯನ್ನೂ ತಳ್ಳಿಕೊಂಡು ಬಂದು ಅಲ್ಲೇ ಕೂರಿಸೋದಂತೆ.

ಆಮೇಲೆ ಒಂದು ದಿನ ಸೂರು ಕೆಮ್ಮಿ ಕೆಮ್ಮಿ, ಅಪ್ಪಗಳಿರಾ, ನಿಮ್ಮ ಹೊಗೆ ಹೊತ್ತು ಹೊತ್ತು ನನ್ನ ಬೆನ್ನು ಬಾಗಿಹೋಯ್ತು, ಮಳೆಗಾಲದೊಳಗೆ ಹೊರೆ ಇಳಿಸದೇ ಹೋದರೆ ಬಿದ್ದೇ ಬೀಳ್ತೀನಿ ಅಂತ ಅಂದಿತಂತೆ. ಬಿದ್ದರೆ ಮೊದಲು ಬೀಳೋದು ತೊಟ್ಟಿಲ ಮೇಲೆ. ಹೊನ್ನಾಜಿ ಓಡಿಹೋಗಿ ಕೂಸನ್ನ ಎತ್ತಿಕೊಂಡಳಂತೆ.

ಆಗ ಮಾಳಿಗಯ್ಯ ನ್ಯಾಯ ಹೇಳಿದನಂತೆ. ನೋಡ್ರಪ್ಪ, ನನ್ನಲ್ಲಿ ಭೇದಭಾವ ಇಲ್ಲ, ಪಾಲಿಗೊಂದು ಒಲೆ ಆರಿಸೋಣ, ಸಮಸಮ.

ಸಮ ಅಂದರೆ ಸರಿ ತಾನೇ ಅಜ್ಜಿ, ಅಂತ ಮಗ್ಗುಲಲ್ಲಿ ಮಲಗಿ ಕತೆ ಕೇಳುತ್ತಿದ್ದ ಮೊಮ್ಮಗಳು ನೀಲು ಕಣ್ಣುಜ್ಜಿಕೊಂಡು ಕೇಳಿದಳು. ದೇಶದೇಶದವರು ಕೂತು ಹೊಗೆ ಕಮ್ಮಿ ಮಾಡೋಕೆ ಹೀಗೇ ಜಗಳ ಆಡ್ತಾರಂತೆ, ಸಾಹುಕಾರ ದೇಶ, ಬಡದೇಶ ಎಲ್ಲ, ನಮ್ಮ ಮಿಸ್ ಹೇಳಿದ್ರು.

ಹಾಗಾದರೆ ನಿಮ್ಮ ಮಿಸ್ಸಿಗೂ ಈ ಕತೆ ಗೊತ್ತು ಅನ್ನು, ಅಂದಳು ಅಜ್ಜಿ. ಮುಂದೆ ಕೇಳು. ಮಾಳಿಗಯ್ಯನ ಸಾಲಲ್ಲಿ ಒಂದು ಆರಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಹೊನ್ನಾಜಿಗೆ ಇದ್ದದ್ದೇ ಒಂದು. ಅದಕ್ಕೆ ನೀರು ಹೊಯ್ದು, ಕೂಸಿಗೆ ಹಸಿ ರಾಗಿಹಿಟ್ಟು ಕಲಸಿ ನೆಕ್ಕಿಸಿದಳಂತೆ. ಅಷ್ಟು ಮಾಡಿದರೂ ಸೂರು ಒಂದು ಬೆರಳು ಮೇಲೇಳಲಿಲ್ಲ.

ಆಮೇಲೆ ಬೋರಲಿಂಗ, ಆಣೆ ಇಡೋಣ, ನಾಳೆಯಿಂದ ಎಲ್ಲರೂ ಕಮ್ಮಿ ಮಾಡೋಣ ಅಂದನಂತೆ. ಎಲ್ಲರೂ ಹೊಸಿಲು ಮುಟ್ಟಿ ಆಣೆ ಇಟ್ಟರು. ನಾಳೆ ಬಂದರೆ ಮತ್ತೆ ನಾಳೆ. ಬಾಗಿಲ ಮೇಲೆ ನಾಳೆ ಬಾ ಅಂತ ಬರೆದು ದೆವ್ವಕ್ಕೆ ಮೋಸ ಮಾಡಬಹುದು ಕಂದ, ಸೂರಿಗೆ ಮಾಡೋಕಾಗುತ್ತಾ. ತೊಟ್ಟಿಲ ಕೆಳಗಿನ ಗೇಣು ಹೋಗಿ ಚೋಟಾಯಿತು, ಚೋಟು ಹೋಗಿ ಬೆರಳಾಯಿತು.

ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಸೂರಿಗೆ ಜೋತುಬಿದ್ದ ಮಸಿಗಟ್ಟಿದ ಬಲೆ, ಇಲ್ಲಣ ಹೊಡೆದು, ಅವರವರ ಒಲೆಯ ಮಸಿ ಅವರವರೇ ಹೊರಗೆ ಹಾಕಬೇಕು ಅಂತ ಪದ್ಧತಿ. ಪಾಲಾದ ಮೇಲೆ ಅದನ್ನ ಯಾರೂ ಮಾಡೇ ಇರಲಿಲ್ಲ, ಸೂರು ಯಾರ ಪಾಲಿಗೂ ಬಂದಿರಲಿಲ್ಲವಲ್ಲ. ಹೊನ್ನಾಜಿ ಸೆರಗು ಬಿಗಿದು, ಗಳಕ್ಕೆ ಪೊರಕೆ ಕಟ್ಟಿ, ಮೂರೂ ಪಾಲಿನ ಇಲ್ಲಣ ಹೊಡೆದು ಅಂಗಳದಲ್ಲಿ ಗುಡ್ಡೆ ಹಾಕಿದಳಂತೆ. ನೋಡನೋಡುತ್ತ ಗುಡ್ಡೆಗೆಲ್ಲ ಇರುವೆ ಹತ್ತಿದವು.

ಇದರಲ್ಲಿ ನಿನ್ನ ಮೂಲೆಯದೇ ಜಾಸ್ತಿ ಇದೆಯಲ್ಲೇ, ಅಂದನಂತೆ ಮಾಳಿಗಯ್ಯ.

ಭಾವನಿಗೆ ಎದುರಾಡಬಾರದು ಅಂತ ಹೊನ್ನಾಜಿ ಮುದ್ದೀರಮ್ಮನ ಕಡೆ ತಿರುಗಿ, ಮೂಲೆ ನನ್ನದೇ ಅಕ್ಕ, ಆದರೆ ಇರುವೆ ಹತ್ತೋಕೆ ನನ್ನ ಒಲೆ ಬೆಲ್ಲ ಕಂಡಿದ್ದು ಯಾವತ್ತು, ಅಂದಳಂತೆ.

ಅದು ತಾತನ ಕಾಲದ ಮಸಿ, ನಾನು ಮಾಡಿದ್ದಲ್ಲ, ಅಂತ ಮಾಳಿಗಯ್ಯ ಗೊಣಗಿದ.

ತಾತನ ಕಾಲದ ಬೆಲ್ಲ ಮಾರಿ ತಾನೇ ಅಕ್ಕ ಈ ಡಾಬು?

ಮುದ್ದೀರಮ್ಮ ಗಂಡನ ಮುಖ ನೋಡಿದಳು, ತನ್ನ ಸೊಂಟ ನೋಡಿಕೊಂಡಳು. ಆಮೇಲೆ ನಗು ತಡೆಯಲಾರದೆ, ಬಿಡಿ ಅತ್ಲಾಗೆ, ಹೀಗೇ ಬಿಟ್ಟರೆ ನಾಳೆ ನನ್ನ ಸೊಂಟಕ್ಕೂ ಇರುವೆ ಹತ್ತೀತು ಅಂತ ಡಾಬು ಬಿಚ್ಚಿ ಗಂಡನ ಕೈಗಿಟ್ಟು, ಮೊದಲು ಕೂಸಿನ ಮೂಲೆಗೆ ಹೊಸ ತೊಲೆ ತನ್ನಿ ಅಂದಳಂತೆ. ಮಾಳಿಗಯ್ಯ ತಲೆ ಕೆರೆದುಕೊಂಡು ಹೋಗಿ ಸಾಲುಸಾಲು ಒಲೆ ಆರಿಸಿದ, ಒಂದೆರಡು ಮಾತ್ರ ಉಳಿಸಿಕೊಂಡ. ಬೋರಲಿಂಗ ಅರ್ಧ ಆರಿಸಿದ. ಆಮೇಲೆ ಇಬ್ಬರೂ ಸೇರಿ ಮಣ್ಣು ತುಳಿದು, ಸೌದೆ ಕಮ್ಮಿ ತಿನ್ನೋ, ಹೊಗೆ ಕಾರದ ಒಂದು ಒಲೆಯನ್ನ ಹೊನ್ನಾಜಿಗೆ ಹೂಡಿಕೊಟ್ಟರಂತೆ. ಸೂರು ಉಸ್ಸಪ್ಪಾ ಅಂತ ಬೆನ್ನು ನೆಟ್ಟಗೆ ಮಾಡಿತು. ತೊಟ್ಟಿಲು ನೆಲ ಬಿಟ್ಟು ಮೇಲೆದ್ದು ತೂಗಿತು. ಹೊನ್ನಾಜಿ ಕೆಳಗೆ ಕೈಯಿಟ್ಟರೆ ಗೇಣೇನು, ಅವಳೇ ನುಸುಳಬಹುದಿತ್ತಂತೆ.

ತೊಲೆ ಏರಿಸುವಾಗ ಉಳಿದ ಒಲೆಗಳ ಬೆಂಕಿಯನ್ನೂ ಆರಿಸಿದ್ದರು, ಮೊದಲು ಹೊತ್ತಿದ್ದು ಹೊನ್ನಾಜಿಯ ಹೊಸ ಒಲೆ. ಕೂಸಿಗೆ ಬಿಸಿ ಅಂಬಲಿ ಕುದೀತಿದ್ದಾಗ, ಮುದ್ದೀರಮ್ಮ ಕೈಯಲ್ಲಿ ತೆಂಗಿನಚಿಪ್ಪು ಹಿಡಿದು ಹೊಸಿಲಾಚೆ ನಿಂತು, ಒಂದು ಕೆಂಡ ಕೊಡ್ತೀಯೇನೇ ತಂಗಿ ಅಂದಳಂತೆ. ಸೂರು ಮೇಲಕ್ಕೆ, ಕೂಸು ತೊಟ್ಟಿಲಿಗೆ, ಕತೆ ಮುಗಿದು ಅಟ್ಟಕ್ಕೆ.

ಅಜ್ಜಿಯ ಗೊರಕೆ ಆಗಲೇ ಶುರುವಾಗಿತ್ತು. ನೀಲು ಅವಳ ಸೆರಗು ಎಳೆದಳು.

ಕೊಟ್ಟಳಾ ಅಜ್ಜಿ? ಕೊಟ್ಟಳು ಅನ್ನು ಅಜ್ಜಿ.